‘ಇವತ್ತ ಬ್ಯಾಡ್ರಿ’ ಅಂದ ಅಂಗಡಿ

ಜನವರಿಯ ಬೆಳಗು, ಆರೂವರೆ. ರೋಣದ ಬಸ್ ನಿಲ್ದಾಣ. ಗಜೇಂದ್ರಗಡದಿಂದ ಬಂದ ಬಸ್ಸಿನ ಕಿಟಕಿಯೊಳಗಿಂದ ಅಣ್ಣನ ಮಗ ಕರೆಯುತ್ತಿದ್ದಾನೆ. ಹತ್ತಿ ಅವನ ಪಕ್ಕ ಕೂತರೆ, ತೊಡೆಯ ಮೇಲೊಂದು ಲೀಟರಿನ ಬಾಟಲಿ. ಮುಚ್ಚಳಕ್ಕೆ ಟೇಪು ಸುತ್ತಿದ್ದಾನೆ. ಮೈಗೆ ಅಂಟಿಸಿದ ಚೀಟಿಯಲ್ಲಿ ನೀಲಿ ಪೆನ್ನಿನ ಅಕ್ಷರ: ‘ಟ್ಯಾಂಕಿನ ನೀರು. 11ನೇ ದಿನ. ಕುಡಿಯಬಾರದು.’

“ಕಾಕಾ, ಇದನ್ನ ಸ್ವಲ್ಪ ಹಿಡಿ. ಅಲ್ಲಾಡಸಬ್ಯಾಡ.”

ಟಿಕೀಟು ಹರಿಯಲು ಬಂದ ಕಂಡಕ್ಟರ್ ಬಾಟಲಿ ನೋಡಿ ನಿಲ್ಲುತ್ತಾರೆ. “ಏನಪಾ ಇದು, ಕಾಲಕಾಲೇಶ್ವರದ ಅಂತರಗಂಗಿ ನೀರೇನು?”

“ಅಲ್ರೀ. ಸಮುದ್ರದ ನೀರು.”

“ಗಜೇಂದ್ರಗಡಕ್ಕ ಸಮುದ್ರ ಯಾವಾಗ ಬಂತೋ!” ಎನ್ನುತ್ತ ಮುಂದಿನ ಸೀಟಿಗೆ ಹೋಗುತ್ತಾರೆ.

ಬಂದು ಹನ್ನೊಂದು ದಿನವಾಯಿತು. ಅಣ್ಣನ ಮನೆಯ ಪಡಸಾಲೆಯಲ್ಲಿ, ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಗಾಜಿನ ತೊಟ್ಟಿಯೊಳಗೆ. ಹುಡುಗ ಬಿ.ಎಸ್‌ಸಿ. ಮುಗಿಸಿ ಅಪ್ಪನ ಕಿರಾಣಿ ಅಂಗಡಿಯಲ್ಲಿ ಕೂತವನು. ಮುರ್ಡೇಶ್ವರಕ್ಕೆ ಹೋದಾಗ ಅಲ್ಲಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ, ಮುಖಕ್ಕೆ ಈಜುಗನ್ನಡಕ ಕಟ್ಟಿಕೊಂಡು ನೀರಿಗಿಳಿದು ಹವಳ ನೋಡಿ ಬಂದಿದ್ದಾನೆ. ಅಂದಿನಿಂದ ಅವನಿಗೆ ಅದೇ ಧ್ಯಾನ. ಸಮುದ್ರ ನಮ್ಮಿಂದ ಇನ್ನೂರು ಕಿಲೋಮೀಟರಿಗೂ ದೂರ. ನಮ್ಮ ಕಡೆ ನೀರೆಂದರೆ ಬೋರ್‌ವೆಲ್ಲಿನ ಗಡಸು ನೀರು, ಇಲ್ಲವೇ ನಲ್ಲಿಗೆ ಬಂದ ದಿನ ಬರುವ ಹೊಳೆ ನೀರು. ಬೋರಿನ ನೀರಿಗೆ ಅವನು ಮೀಟರ್ ಅದ್ದಿದಾಗ 1,140 ತೋರಿಸಿತಂತೆ. ಕರಗಿದ ಲವಣಗಳ ಲೆಕ್ಕ ಅದು. ಹವಳದ ಟ್ಯಾಂಕಿಗೆ ಆ ಲೆಕ್ಕ ಸೊನ್ನೆಯಿಂದ ಶುರುವಾಗಬೇಕು, ಆಮೇಲೆ ಬೇಕಾದ ಉಪ್ಪನ್ನು ನಾವೇ ಹಾಕಬೇಕು. ಅದಕ್ಕಾಗಿ ಶುದ್ಧ ಕುಡಿಯುವ ನೀರಿನ ಘಟಕದಿಂದ ಸ್ಕೂಟರಿನ ಮೇಲೆ ಇಪ್ಪತ್ತು ಲೀಟರಿನ ಒಂಬತ್ತು ಕ್ಯಾನು ತಂದ. ಆ ನೀರನ್ನೂ ರಾಳದ ಗುಳಿಗೆ ತುಂಬಿದ ಇನ್ನೊಂದು ಕೊಳವೆಯಲ್ಲಿ ಸೋಸಿದ. ಲೀಟರಿಗೆ 35 ಗ್ರಾಂ ಲೆಕ್ಕದಲ್ಲಿ ಆರು ಕಿಲೋ ಸಮುದ್ರದ ಉಪ್ಪು ಕಲಸಿದ. ಇದು ಅಡುಗೆ ಉಪ್ಪಲ್ಲ. ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲ ಸೇರಿಸಿ ಚೀಲದಲ್ಲಿ ಬರುವ ಉಪ್ಪು.

ನಾನು ಮೊದಲ ದಿನ ಬೈದದ್ದು ನಿಜ. ನೀರಿಗಾಗಿ ಜನ ರಸ್ತೆಗಿಳಿದ ಸೀಮೆ ನಮ್ಮದು. 170 ಲೀಟರ್ ಶುದ್ಧ ನೀರಿಗೆ ಉಪ್ಪು ಕಲಸುವುದನ್ನು ಅವನ ಅಜ್ಜಿ ನೋಡುತ್ತ ಕೂತಿದ್ದಳು, ಒಂದು ಮಾತಾಡಲಿಲ್ಲ. ಆ ಮೌನ ಅವನಿಗೂ ತಟ್ಟಿದೆ. “ಕಾಕಾ, ಇಷ್ಟು ನೀರು ಹಾಕೀನಿ. ಈಗ ಒಂದು ಮೀನೂ ಸಾಯಬಾರದು,” ಅಂದಿದ್ದ. ಅದಕ್ಕೇ ಇಂದು ಅವನ ಜೊತೆ ಹೊರಟಿದ್ದೇನೆ. ಗಜೇಂದ್ರಗಡ, ರೋಣ, ನರಗುಂದ, ನಮ್ಮ ಈ ಮೂರೂ ಊರಲ್ಲಿ ಉಪ್ಪುನೀರಿನ ಮೀನು ಮಾರುವ ಅಂಗಡಿ ನನ್ನ ಕಣ್ಣಿಗೆ ಬಿದ್ದಿಲ್ಲ. ಹುಬ್ಬಳ್ಳಿಗೇ ಹೋಗಬೇಕು. ಅಲ್ಲಿ ಯಾರನ್ನು ನಂಬುವುದು ಎಂಬುದೇ ಇವತ್ತಿನ ಕೆಲಸ.

ರಸ್ತೆಯ ಎರಡೂ ಕಡೆ ಎರೆಹೊಲ. ಬಿಳಿಜೋಳ ತೆನೆ ಕಟ್ಟಿದೆ, ನಡುನಡುವೆ ಕಡಲೆ. ಬಿಸಿಲು ಏರುವ ಹೊತ್ತಿಗೆ ನರಗುಂದದ ಗುಡ್ಡ ಕಾಣುತ್ತದೆ. ಇಲ್ಲಿ ಬಸ್ಸು ಬದಲಿಸಬೇಕು. ನಿಲ್ದಾಣದಲ್ಲಿ ನನ್ನ ಹಳೆಯ ಗೆಳೆಯ ಕಾಯುತ್ತಿದ್ದಾರೆ. ನೀರಾವರಿ ರೈತರು. ಸುಟ್ಟ ಮೋಟರು ರಿಪೇರಿಗೆ ಕೊಟ್ಟದ್ದನ್ನು ತರಲು ಅವರೂ ಹುಬ್ಬಳ್ಳಿಗೆ ಹೊರಟಿದ್ದಾರೆ. ಬಾಟಲಿಯ ಕಥೆ ಕೇಳಿ ಹುಡುಗನ ಪಕ್ಕ ಕೂತೇ ಬಿಟ್ಟರು.

“ಅಲ್ಲ ತಮ್ಮಾ, ಆ ನೀರು ದಿನಾ ಕಡಿಮಿ ಆಗತೈತೇನು?”

“ಹೌದ್ರಿ ಕಾಕಾ. ದಿನಕ್ಕ ಒಂದೆರಡು ಲೀಟರ್ ಆರತೈತಿ.”

“ಮತ್ತ ಉಪ್ಪು?”

“ಅದು ಅಲ್ಲೇ ಉಳಿತೈತ್ರಿ.”

ಅವರು ಕಿಟಕಿಯ ಹೊರಗೆ ಕೈ ಮಾಡುತ್ತಾರೆ. ಕಾಲುವೆಯ ಕೆಳಗಿನ ಒಂದು ಹೊಲದಲ್ಲಿ ಬೆಳೆಯಿಲ್ಲ. ಕಪ್ಪು ನೆಲದ ಮೇಲೆ ಸುಣ್ಣ ಬಳಿದ ಹಾಗೆ ಬಿಳಿ ಪೊರೆ. “ಸವಳು. ಮಲಪ್ರಭಾ ನೀರು ಬಂತು, ಹೊಟ್ಟಿ ತುಂಬಾ ಹಾಯಿಸಿದ್ವಿ. ನೀರು ಹಾರಿ ಹೋತು, ಉಪ್ಪು ಉಳಕೊಂತು. ನನ್ನವೂ ಎರಡು ಎಕರೆ ಹಿಂಗ ಆಗ್ಯಾವ. ನಿನ್ನ ಗಾಜಿನ ಡಬ್ಬಿಯೊಳಗೂ ಇದ ಆಗೂದು. ಆರಿದಷ್ಟು ನೀರಿಗೆ ಬರೇ ಸಿಹಿನೀರು ಹಾಕು, ಉಪ್ಪುನೀರು ಹಾಕಬ್ಯಾಡ.”

ಹುಡುಗ ನನ್ನ ಕಡೆ ತಿರುಗುತ್ತಾನೆ. ಪುಸ್ತಕ ಓದಿ, ವಿಡಿಯೊ ನೋಡಿ ಅವನು ತಿಳಿದುಕೊಂಡದ್ದು ಇದನ್ನೇ. ಸವಳು ನೆಲದ ಯಜಮಾನರು ಅದನ್ನು ತಮ್ಮ ಎರಡು ಎಕರೆ ಕಳಕೊಂಡು ಕಲಿತಿದ್ದಾರೆ.

ಹುಬ್ಬಳ್ಳಿ. ಮೊದಲ ಅಂಗಡಿ ದೊಡ್ಡದು, ಮುಂದೆ ಬಣ್ಣದ ಬೆಳಕು. ಹುಡುಗನ ಕಾಲು ತಾವಾಗಿ ಒಳಗೆ ಹೋಗುತ್ತವೆ. ಗೋಡೆಯುದ್ದಕ್ಕೂ ತೊಟ್ಟಿ. ಒಂದರಲ್ಲಿ ಕಡುನೀಲಿ ಮೈ, ಹಳದಿ ಬಾಲದ ಸರ್ಜನ್ ಮೀನು, ಗಾಜಿನ ಈ ತುದಿಯಿಂದ ಆ ತುದಿಗೆ ಬಿಡುವಿಲ್ಲದೆ ಓಡುತ್ತಿದೆ. ನಾವು ಯಾವ ಊರು, ಟ್ಯಾಂಕು ಎಷ್ಟು ದೊಡ್ಡದು, ನೀರು ಯಾವುದು ಎಂದು ಯಾರೂ ಕೇಳಲಿಲ್ಲ. ಕೌಂಟರಿನ ಹುಡುಗ ಆಗಲೇ ಬಲೆ ಕೈಗೆತ್ತಿಕೊಂಡಿದ್ದಾನೆ.

“ಇದು ಎಷ್ಟು ದೊಡ್ಡದಾಗತೈತ್ರಿ?” ನಾನು ಕೇಳುತ್ತೇನೆ.

“ಟ್ಯಾಂಕ್ ಸೈಜಿಗೆ ತಕ್ಕಂಗ ಬೆಳಿತೈತ್ರಿ ಸರ್.”

ಈ ಮಾತು ಎಲ್ಲಿ ಕೇಳಿದರೂ ಅಲ್ಲಿಂದ ಹಿಂದೆ ಸರಿಯಬೇಕು. ಆ ಮೀನು ಒಂದು ಅಡಿಯವರೆಗೆ ಬೆಳೆಯುವ ಜಾತಿಯದು. ಸಮುದ್ರದಲ್ಲಿ ದಿನವಿಡೀ ಈಜಿ ಮೇಯುವಂಥದ್ದು. ಹೋರಿಕರುವನ್ನು ಕೋಳಿಗೂಡಿನಲ್ಲಿ ಕಟ್ಟಿದರೆ ಅದು ಕೋಳಿಯಷ್ಟಾಗುವುದಿಲ್ಲ, ಸಾಯುತ್ತದೆ.

ಟ್ಯಾಂಕು ಇಟ್ಟು ಹನ್ನೊಂದೇ ದಿನ ಆಯಿತೆಂದು ಹುಡುಗ ಹೇಳಿದ. ಕೌಂಟರಿನವನಿಗೆ ಅದಕ್ಕೂ ಉತ್ತರವಿದೆ. “ಹಂಗಾದ್ರ ನಾಕು ಡ್ಯಾಮ್ಸೆಲ್ ಒಯ್ಯಿರಿ. ಟ್ಯಾಂಕ್ ಸೈಕಲ್ ಆಗತೈತಿ. ಸತ್ರೂ ಭಾಳ ಲುಕ್ಸಾನಿಲ್ಲ, ಅಗ್ಗದ್ದು.” ಬೆರಳುದ್ದದ ಆ ನೀಲಿ ಮೀನುಗಳ ಎದುರಿಗೇ ನಿಂತು ಅವನು ಇದನ್ನು ಹೇಳಿದ. ನನಗೆ ಸಿಟ್ಟು ಬಂತು. ಹೊಸ ನೀರಿನ ವಿಷವನ್ನು ಜೀವಂತ ಮೀನಿನ ಮೈಮೇಲೆ ಹಾಯಿಸಿ ಪರೀಕ್ಷೆ ಮಾಡುವುದು ಹಳೆಯ ರೂಢಿ. ಆದರೆ ಅದರ ಅಗತ್ಯವೇ ಇಲ್ಲ ಎಂಬುದೂ ಹಳೆಯ ವಿಷಯವೇ.

ಆಮೇಲೆ ಅವನು ದನಿ ತಗ್ಗಿಸಿ, “ಹವಳ ಬೇಕೇನ್ರಿ?” ಅಂದ. ಹಿಂದಿನ ಕೋಣೆಯ ಪರದೆ ಸರಿಸಿದ. ನೀಲಿ ಬೆಳಕಿನ ಕೆಳಗೆ ಒಂದು ಟಬ್ಬು, ಅದರಲ್ಲಿ ಒಡೆದ ಕೊಂಬೆಯಂಥ ತುಂಡುಗಳು. ತುದಿಗಳು ಹಸಿರಾಗಿ ಹೊಳೆಯುತ್ತಿವೆ. ಹುಡುಗನ ಉಸಿರು ನಿಂತದ್ದು ನನಗೆ ಗೊತ್ತಾಯಿತು. ನೇತ್ರಾಣಿಯಲ್ಲಿ ನೋಡಿದ ಲೋಕ ಕೈಗೆಟಕುವಷ್ಟು ಹತ್ತಿರ ಇದೆ.

“ಬಿಲ್ ಕೊಡ್ತೀರೇನು?” ನಾನು ಕೇಳಿದೆ.

“ಇದಕ್ಕ ಬಿಲ್ ಬರೂದಿಲ್ರಿ. ಯಾರ ಮುಂದೂ ಹೇಳಬ್ಯಾಡ್ರಿ.”

ದನದ ಸಂತೆಯಲ್ಲಿ ದಲಾಲಿಗಳು ಟವೆಲಿನ ಮರೆಯಲ್ಲಿ ಬೆರಳು ಹಿಡಿದು ರೇಟು ಮಾತಾಡುತ್ತಾರೆ. ಆದರೆ ಎತ್ತು ಎಲ್ಲರ ಕಣ್ಣೆದುರಿಗೇ ನಿಂತಿರುತ್ತದೆ. ಇಲ್ಲಿ ಎತ್ತನ್ನೇ ಟವೆಲಿನ ಕೆಳಗೆ ಇಟ್ಟಿದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಗೆ 2001ರಲ್ಲಿ ಗಟ್ಟಿ ಹವಳಗಳನ್ನೆಲ್ಲ ಸೇರಿಸಲಾಯಿತು. ಕಪ್ಪು ಹವಳ, ಬೆಂಕಿ ಹವಳ, ಬೀಸಣಿಗೆ ಹವಳ, ಎಲ್ಲವೂ ಆ ಪಟ್ಟಿಯಲ್ಲಿವೆ. ಹುಲಿ ಇರುವ ಪಟ್ಟಿ ಅದು. ಮುರಿದು ತಂದರೂ ಮಾರಿದರೂ ಕೊಂಡರೂ ಅಪರಾಧ. ಶಿಕ್ಷೆ ಮೂರು ವರ್ಷಕ್ಕೆ ಕಡಿಮೆಯಿಲ್ಲ, ಏಳು ವರ್ಷದವರೆಗೆ. ಸಮುದ್ರದಿಂದ ಕಿತ್ತು ತಂದು ‘ಲೈವ್ ರಾಕ್’ ಎಂದು ಮಾರುವ ಕಲ್ಲೂ ಬಹುಮಟ್ಟಿಗೆ ಹವಳದ ಅಸ್ಥಿಯೇ.

ಕಾನೂನು ಒತ್ತಟ್ಟಿಗಿರಲಿ. ಸಮುದ್ರ ಬಿಸಿಯಾಗಿ 1998ರಲ್ಲಿ ಲಕ್ಷದ್ವೀಪದ ಹವಳ ಬೆಳ್ಳಗಾಗಿ ಸತ್ತವು. 2024ರಲ್ಲಿ ಮತ್ತೆ ಬೆಳ್ಳಗಾದವು. ಹವಳದ ಮೈಯೊಳಗೆ ಸೂಕ್ಷ್ಮ ಪಾಚಿ ಮನೆ ಮಾಡಿಕೊಂಡಿರುತ್ತದೆ. ಬಣ್ಣವೂ ಅದರದೇ, ಅನ್ನವೂ ಅದರದೇ. ನೀರು ಕಾದರೆ ಹವಳ ಅದನ್ನು ಹೊರಗೆ ಹಾಕಿ ಬೆಳ್ಳಗಾಗುತ್ತದೆ, ಬಿಸಿ ಇಳಿಯದಿದ್ದರೆ ಹಸಿದು ಸಾಯುತ್ತದೆ. ಇಷ್ಟೆಲ್ಲ ತಿಂದು ಉಳಿದಿರುವ ಕೊಂಬೆಯನ್ನು ಸುತ್ತಿಗೆಯಿಂದ ಒಡೆದು ಹಿತ್ತಲ ಕೋಣೆಯ ಟಬ್ಬಿಗೆ ತರುವವರ ಹತ್ತಿರ ಒಂದು ಚಮಚ ಉಪ್ಪನ್ನೂ ಕೊಳ್ಳಬಾರದು.

ಹುಡುಗ ಪರದೆಯ ಹತ್ತಿರ ಇನ್ನೊಂದು ಗಳಿಗೆ ನಿಂತ. ನಾನು ಕರೆಯಲಿಲ್ಲ. ತಾನಾಗಿಯೇ ಬಂದ. ಬೀದಿಗೆ ಬಂದ ಮೇಲೆ, “ಅವು ಭಾಳ ಚಂದ ಇದ್ವು ಕಾಕಾ,” ಅಂದ. ಅಷ್ಟೇ.

ಎರಡನೆಯ ಅಂಗಡಿ ಹುಡುಕಲು ಒಂದು ತಾಸು ಹಿಡಿಯಿತು. ಸಣ್ಣ ಮಳಿಗೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಒಳಗೆ ಕಾಲಿಟ್ಟ ಕೂಡಲೇ ನಾನು ಮೂಗಿನಿಂದ ಶುರು ಮಾಡುತ್ತೇನೆ. ಕೊಳೆತ ವಾಸನೆಯಿಲ್ಲ, ಬರೀ ಒದ್ದೆ ಉಪ್ಪಿನ ವಾಸನೆ. ತೊಟ್ಟಿಗಳ ಮೂಲೆಯಲ್ಲಿ ಸತ್ತ ಮೀನು ಬಿದ್ದಿಲ್ಲ. ಒಂದೊಂದು ತೊಟ್ಟಿಗೂ ಒಂದೊಂದು ಬಲೆ ತೂಗುಬಿಟ್ಟಿದೆ, ಒಂದರದ್ದು ಇನ್ನೊಂದಕ್ಕೆ ಹೋಗುವುದಿಲ್ಲ. ಗಾಜಿನ ಮೇಲೆ ಬಿಳಿ ಮಾರ್ಕರಿನಲ್ಲಿ ತಾರೀಖು ಬರೆದಿದ್ದಾರೆ. ಮೀನು ಬಂದ ದಿನ ಅದು.

ಅಂಗಡಿಯವರಿಗೆ ಅರವತ್ತರ ಹತ್ತಿರ. ಅಂಗಿಯ ತೋಳು ಮಡಚಿದ್ದಾರೆ, ಕೈ ಮೊಣಕೈತನಕ ಒದ್ದೆ. “ಯಾವ ಊರ್ರೀ?” ಇದು ಅವರ ಮೊದಲ ಪ್ರಶ್ನೆ. ಗಜೇಂದ್ರಗಡ ಎಂದಾಗ ಎರಡನೆಯದು: “ನೀರು ಯಾವುದು ಹಾಕೀರಿ?” ಆಮೇಲೆ ಒಂದರ ಹಿಂದೊಂದು. ಟ್ಯಾಂಕು ಎಷ್ಟು ಅಡಿ? ಕಲ್ಲು ಎಲ್ಲಿಯದು? ಕರೆಂಟ್ ಎಷ್ಟೊತ್ತು ಹೋಗತೈತಿ? ಏಪ್ರಿಲ್‌ದಾಗ ಏನ್ ಮಾಡ್ತೀರಿ, ನಿಮ್ಮ ಕಡೆ ನಲವತ್ತು ಡಿಗ್ರಿ ದಾಟತೈತಿ, ಇವಕ್ಕ 26 ಇರಬೇಕು. ಹುಡುಗ ಪ್ರತಿಯೊಂದಕ್ಕೂ ಉತ್ತರ ಕೊಡುತ್ತಾನೆ. ಪಂಪಿಗೆ ಇನ್ವರ್ಟರ್ ಇದೆ. ಬೇಸಿಗೆಗೆ ನೀರಿನ ಮೇಲೆ ಎರಡು ಫ್ಯಾನು. ಅಷ್ಟು ಸಾಲುವುದಿಲ್ಲ ಅನ್ನುತ್ತಾರೆ ಅವರು. ಪಡಸಾಲೆ ಬಿಟ್ಟು ತಂಪಿನ ಒಳಕೋಣೆಗೆ ಟ್ಯಾಂಕು ಸರಿಸಬೇಕು, ಮೀನು ಬರುವ ಮೊದಲೇ. ಕಲ್ಲಿನ ಪ್ರಶ್ನೆಗೆ ಹುಡುಗ ಸ್ವಲ್ಪ ಅಳುಕಿ, ಪಿಂಗಾಣಿ ಮಣ್ಣಿನಲ್ಲಿ ಸುಟ್ಟ ಕಲ್ಲು ಅಂದ. “ಛಲೋ ಮಾಡೀರಿ,” ಅಂದರು. ಅದೊಂದೇ ಅವರು ಹೊಗಳಿದ್ದು.

ಆಮೇಲೆ ಬಾಟಲಿ ಕೇಳಿ ಇಸಿದುಕೊಂಡರು.

ಬೆರಳುದ್ದದ ಗಾಜಿನ ನಳಿಕೆ, ಅದರ ಮೇಲೊಂದು ಬಿಳಿ ಗೆರೆ. ಗೆರೆಯ ಮಟ್ಟಕ್ಕೆ ನಮ್ಮ ನೀರು ಸುರಿಯುತ್ತಾರೆ. ಒಂದು ಸೀಸೆಯಿಂದ ಹನಿ. ಒಂದು, ಎರಡು, ಮೂರು, ಸೀಸೆ ನೆಟ್ಟಗೆ ಹಿಡಿದು ಎಂಟರವರೆಗೆ ಬಾಯಲ್ಲಿ ಎಣಿಸುತ್ತಾರೆ. ಇನ್ನೊಂದು ಸೀಸೆಯಿಂದ ಮತ್ತೆ ಎಂಟು. ಮುಚ್ಚಳ ಹಾಕಿ ಅಲುಗಾಡಿಸಿ ಹುಡುಗನ ಕೈಗೆ ಕೊಡುತ್ತಾರೆ. “ಐದು ನಿಮಿಷ. ನೀನ ನೋಡು.” ಅಂಗಡಿಯಲ್ಲಿ ಪಂಪುಗಳ ಗುಂಯ್ ಸದ್ದು ಬಿಟ್ಟರೆ ಬೇರೆ ಮಾತಿಲ್ಲ. ಮೊದಲು ಹಳದಿ. ಅದು ಹಳದಿಯಾಗಿಯೇ ಉಳಿದರೆ ಅಮೋನಿಯ ಸೊನ್ನೆ. ಎರಡನೆಯ ನಿಮಿಷಕ್ಕೆ ನಳಿಕೆಯ ತಳದಿಂದ ಹಸಿರು ಏಳತೊಡಗುತ್ತದೆ, ಹಸಿ ಕಡಲೆಯ ಬಣ್ಣ. ಐದನೆಯ ನಿಮಿಷಕ್ಕೆ ಕಡುವಾಗಿ ನಿಂತಿತು. ಬಣ್ಣದ ಪಟ್ಟಿಗೆ ಹಿಡಿದರೆ ಒಂದು. ಇನ್ನೊಂದು ನಳಿಕೆಯಲ್ಲಿ ನೈಟ್ರೈಟ್. ತಿಳಿನೀಲಿ ಉಳಿಯಬೇಕಾದದ್ದು ನೇರಳೆಹಣ್ಣಿನ ರಸದಂತಾಗಿದೆ.

“ಇವತ್ತ ಬ್ಯಾಡ್ರಿ,” ಅಂದರು. “ಇನ್ನ ನಾಕೈದು ವಾರ.”

ನೂರು ಕಿಲೋಮೀಟರ್ ದೂರದಿಂದ ದುಡ್ಡು ಹಿಡಿದು ಬಂದ ಗಿರಾಕಿಗೆ ಈ ಮಾತು ಹೇಳುವವರು ಎಷ್ಟು ಜನ ಸಿಕ್ಕಾರು? ನಾನು ಆ ಕ್ಷಣವೇ ಅವರನ್ನು ನಂಬಿದೆ.

ಏಕೆ ಬೇಡ ಎಂಬುದನ್ನೂ ಅವರು ಬಿಡಿಸಿ ಹೇಳಿದರು. ನನಗದು ಹೊಲದ ಪಾಠ. ಎರೆಹೊಲಕ್ಕೆ ಯೂರಿಯಾ ಚೆಲ್ಲುತ್ತೇವೆ. ಅದು ಮಣ್ಣಿನಲ್ಲಿ ಅಮೋನಿಯ ಆಗುತ್ತದೆ. ಕಣ್ಣಿಗೆ ಕಾಣದ ಒಂದು ಜಾತಿಯ ಬ್ಯಾಕ್ಟೀರಿಯ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಅದನ್ನು ನೈಟ್ರೇಟ್ ಮಾಡುತ್ತದೆ. ಜೋಳ ಉಣ್ಣುವುದು ಬಹುಪಾಲು ಈ ನೈಟ್ರೇಟನ್ನು. ಟ್ಯಾಂಕಿನಲ್ಲೂ ಇದೇ ನಡೆ. ಮೀನಿನ ಹೇಲುಚ್ಚೆ, ಉಳಿದ ಆಹಾರ ಎಲ್ಲ ಅಮೋನಿಯ; ಮೀನಿನ ಕಿವಿರು ಸುಡುವ ವಿಷ ಅದು. ಹೊಲದಲ್ಲಿ ಈ ಬ್ಯಾಕ್ಟೀರಿಯಗಳು ತಲೆತಲಾಂತರದಿಂದ ಇವೆ. ಹೊಸ ಗಾಜಿನ ತೊಟ್ಟಿಯಲ್ಲಿ ಅವು ಕಲ್ಲಿನ ಸಂದುಗಳಲ್ಲಿ ಬೇರೂರಿ ಬೆಳೆಯಲು ವಾರಗಟ್ಟಲೆ ಬೇಕು. ಅಲ್ಲಿಯವರೆಗೆ ಹನಿ ಅಮೋನಿಯ ಹಾಕಿ ಅವುಗಳನ್ನೇ ಸಾಕಬೇಕು, ಮೀನನ್ನಲ್ಲ.

ಕೊಳ್ಳುವುದಿಲ್ಲವೆಂದು ಗೊತ್ತಾದ ಮೇಲೂ ಅವರು ನಮ್ಮನ್ನು ಸಾಗಹಾಕಲಿಲ್ಲ. ಕಿತ್ತಳೆ ಮೈಯ ಮೇಲೆ ಮೂರು ಬಿಳಿ ಪಟ್ಟಿಯ ಕ್ಲೌನ್ ಮೀನಿನ ತೊಟ್ಟಿಯ ಎದುರು ಸ್ಟೂಲು ಹಾಕಿಕೊಟ್ಟರು. ಒಂದು ಚಿಟಿಕೆ ಕಾಳು ನೀರಿಗೆ ಬಿಟ್ಟರು. ಆರು ಮೀನು ಹಾರಿ ಬಂದವು. ಏಳನೆಯದು ಮೂಲೆಯಲ್ಲೇ ಉಳಿಯಿತು.

ಅಪ್ಪ ನನ್ನನ್ನು ಎತ್ತು ಕೊಳ್ಳಲು ಸಂತೆಗೆ ಕರೆದೊಯ್ಯುತ್ತಿದ್ದರು. ಹಲ್ಲು ನೋಡುವುದು, ಸುಳಿ ನೋಡುವುದು ಎಲ್ಲರೂ ಮಾಡುತ್ತಿದ್ದರು. ಅಪ್ಪ ಅದಕ್ಕಿಂತ ಮೊದಲು ಒಂದು ಹಿಡಿ ಕಣಿಕೆ ಹಿಡಿದು ದೂರ ನಿಲ್ಲುತ್ತಿದ್ದರು. ಮೇವಿಗೆ ಬಾರದ ಎತ್ತಿನ ಹಲ್ಲು ಅವರು ನೋಡುತ್ತಲೇ ಇರಲಿಲ್ಲ. ಸ್ಟೂಲಿನ ಮೇಲೆ ಕೂತು ನಾನು ಏಳನೆಯ ಮೀನಿನ ಕಿವಿರು ನೋಡುತ್ತೇನೆ. ಉಳಿದವಕ್ಕಿಂತ ಬೇಗ ಬೇಗ ಬಡಿದುಕೊಳ್ಳುತ್ತಿದೆ.

“ಅದು ಸರಿ ಇಲ್ಲಲ್ರೀ?”

“ಇಲ್ಲ. ಸಂಜಿಕ ಬ್ಯಾರೆ ತೊಟ್ಟಿಗೆ ಹಾಕ್ತೀನಿ. ಅದನ್ನ ಯಾರಿಗೂ ಕೊಡಂಗಿಲ್ಲ.”

ಈ ಮೀನು ಎಲ್ಲಿಂದ ಬಂದವು ಎಂದು ಹುಡುಗ ಕೇಳಿದ. ಗಾಜಿನ ಮೇಲಿನ ತಾರೀಖಿನ ಪಕ್ಕ ಇನ್ನೊಂದು ಅಕ್ಷರ ತೋರಿಸಿದರು. ಹ್ಯಾಚರಿ ಅಂತ ಗುರುತು. ಸಮುದ್ರದಲ್ಲಿ ಹಿಡಿದದ್ದಲ್ಲ, ತೊಟ್ಟಿಯಲ್ಲೇ ಮರಿ ಮಾಡಿಸಿದ್ದು. ಕ್ಲೌನ್ ಮೀನಿನ ಮರಿ ಮಾಡಿಸುವ ವಿದ್ಯೆಯನ್ನು ನಮ್ಮ ದೇಶದ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯೇ ರೂಢಿಸಿದೆ. ತೊಟ್ಟಿಯಲ್ಲಿ ಹುಟ್ಟಿದ ಮೀನಿಗೆ ಕಾಳು ತಿನ್ನುವುದು ಹುಟ್ಟಿನಿಂದ ಗೊತ್ತು. ಸಮುದ್ರದಿಂದ ತಂದದ್ದರ ಕಥೆ ಬೇರೆ. ಫಿಲಿಪ್ಪೀನ್ಸ್‌ನಂಥ ಕಡೆ ಹವಳದ ಸಂದಿಗೆ ಸಯನೈಡ್ ಚಿಮುಕಿಸಿ, ಅಮಲೇರಿ ಹೊರಬಂದ ಮೀನನ್ನು ಹಿಡಿಯುವ ಪದ್ಧತಿ 1960ರ ದಶಕದಿಂದ ಇದೆ. ಅಂಥ ಮೀನು ಅಂಗಡಿಯಲ್ಲಿ ಮಿರಮಿರ ಮಿಂಚುತ್ತಿರುತ್ತದೆ, ಮನೆಗೆ ತಂದು ಸ್ವಲ್ಪ ದಿನಕ್ಕೆ ಸಾಯುತ್ತದೆ. ಸಯನೈಡ್ ಚಿಮುಕಿಸಿದ ಜಾಗದ ಹವಳವೂ ಸಾಯುತ್ತದೆ. ಬಣ್ಣ ನೋಡಿ ಇದು ಅದೇ ಎಂದು ಹೇಳಲಾಗುವುದಿಲ್ಲ. ಮಾರುವವನ ಬಾಯಿಂದಲೇ ಗೊತ್ತಾಗಬೇಕು. ಅದಕ್ಕೇ ಮಾರುವವನನ್ನು ಮೊದಲು ನೋಡಬೇಕು.

“ಮತ್ತ ಹವಳ?” ಹುಡುಗ ಕೇಳಿಯೇ ಬಿಟ್ಟ.

“ನನ್ನ ಹತ್ರ ಇಲ್ಲ, ತಮ್ಮಾ. ಹವಳ ನೋಡಬೇಕಂದ್ರ ಮುರ್ಡೇಶ್ವರಕ್ಕ ಹೋಗು.”

ಬರುವಾಗ ಕೈಯಲ್ಲಿ ಇದ್ದದ್ದು ಅಮೋನಿಯ, ನೈಟ್ರೈಟ್ ಎರಡನ್ನೂ ನೋಡುವ ಒಂದು ಟೆಸ್ಟ್ ಕಿಟ್, ಅದರ ಬಿಲ್ಲು, ಬಿಲ್ಲಿನ ಹಿಂದೆ ಅವರ ಕೈಬರಹದ ಫೋನ್ ನಂಬರು. ದಾರಿಯಲ್ಲಿ ಮೋಟರಿನ ಜೊತೆ ನರಗುಂದದ ಗೆಳೆಯರು ಮತ್ತೆ ಕೂಡಿದರು. “ಮೀನು ಎಲ್ಲಿ?” ಅಂದರು. ಹುಡುಗ ಖಾಲಿ ಬಾಟಲಿ ತೋರಿಸಿದ.

ಆಮೇಲಿನದನ್ನು ಬೇಗ ಹೇಳಿ ಮುಗಿಸುತ್ತೇನೆ. ಟ್ಯಾಂಕು ಖಾಲಿ ಮಾಡಿ, ನಾಲ್ವರು ಎತ್ತಿ ಒಳಕೋಣೆಗೆ ಸರಿಸಿದೆವು. ನೀರು ಚೆಲ್ಲಲಿಲ್ಲ, ಅದೇ ಕ್ಯಾನುಗಳಲ್ಲಿ ಹಿಡಿದಿಟ್ಟು ತಿರುಗಿ ತುಂಬಿದೆವು. ಕಲ್ಲು ಆರದಂತೆ ಅದೇ ನೀರಿನಲ್ಲಿ ಮುಳುಗಿಸಿ ಇಟ್ಟಿದ್ದ. ಹುಡುಗ ದಿನವೂ ಅಂಗಡಿ ಮುಚ್ಚಿ ಬಂದು ಹನಿ ಎಣಿಸಿದ, ಕಿರಾಣಿ ಲೆಕ್ಕದ ಉದ್ದನೆಯ ಪುಸ್ತಕದಲ್ಲಿ ಬರೆದಿಟ್ಟ. 33ನೇ ದಿನ ಅಮೋನಿಯದ ನಳಿಕೆ ಹಳದಿಯಾಗಿ ನಿಂತಿತು. 44ನೇ ದಿನ ನೈಟ್ರೈಟ್ ತಿಳಿನೀಲಿ. ಹುಬ್ಬಳ್ಳಿಗೆ ಫೋನ್ ಮಾಡಿದಾಗ ಅವರು ಇನ್ನೂ ಒಂದು ವಾರ ನೋಡು ಅಂದರು. ನೋಡಿದ.

ಈಗ ರಾತ್ರಿ. ಒಳಕೋಣೆಯ ದೀಪದ ಕೆಳಗೆ ಎರಡು ಸಣ್ಣ ಕ್ಲೌನ್ ಮೀನುಗಳಿವೆ. ಮೂರು ತಾಸಿನ ದಾರಿಯನ್ನು ಥರ್ಮೊಕೋಲ್ ಡಬ್ಬಿಯೊಳಗೆ, ಮುಕ್ಕಾಲು ಪಾಲು ಆಮ್ಲಜನಕ ತುಂಬಿದ ಚೀಲದಲ್ಲಿ ಬಂದವು. ಎರಡೂ ಗಂಡಾಗಿಯೇ ಹುಟ್ಟಿದವು. ಮುಂದೆ ಇವುಗಳಲ್ಲಿ ಜೋರು ಯಾವುದೋ ಅದು ಹೆಣ್ಣಾಗುತ್ತದೆ. ಹುಡುಗ ಒಂದು ಚಿಟಿಕೆ ಕಾಳು ಬಿಡುತ್ತಾನೆ. ಎರಡೂ ಬಂದವು. ಅಜ್ಜಿ ಬಾಗಿಲಲ್ಲಿ ನಿಂತು, “ಉಣ್ತಾವಲ್ಲ,” ಎಂದು ಒಳಗೆ ಹೋದಳು.

ನೀವೂ ಉಪ್ಪುನೀರಿನ ಟ್ಯಾಂಕು ಇಟ್ಟು ಅಂಗಡಿ ಹುಡುಕಿಕೊಂಡು ಹೊರಟಿದ್ದರೆ, ಮೊದಲ ಸಲ ಮೀನು ತರುವ ಡಬ್ಬಿ ಒಯ್ಯಬೇಡಿ. ನಿಮ್ಮ ಟ್ಯಾಂಕಿನ ನೀರು ಒಂದು ಬಾಟಲಿ ಒಯ್ಯಿರಿ.